ಮಾಲ್ಗುಡಿಯ ನಗೆಗೆ ಬೆಂಗಳೂರಿನ ಬೇರು



ನಕಾಶೆಯಲ್ಲಿ ಇಲ್ಲದ ಊರೊಂದನ್ನು ಇಡೀ ದೇಶ ತನ್ನದೇ ಊರೆಂದು ಒಪ್ಪಿಕೊಂಡ ಕಾಲವೊಂದಿತ್ತು. 1986-87ರಲ್ಲಿ ದೂರದರ್ಶನದಲ್ಲಿ 'ಮಾಲ್ಗುಡಿ ಡೇಸ್' ಪ್ರಸಾರವಾದಾಗ ಶಂಕರ್‌ನಾಗ್ ನಿರ್ದೇಶನದ 39 ಕಂತುಗಳನ್ನು ಕನ್ನಡಿಗರು ಮಾತ್ರವಲ್ಲ, ಉತ್ತರ ಭಾರತದವರೂ ಮನೆಮಂದಿಯೊಡನೆ ಕುಳಿತು ನೋಡಿದರು. ಎಲ್. ವೈದ್ಯನಾಥನ್ ಅವರ ಸಂಗೀತ ಕೇಳಿಸಿದರೆ ಸಾಕು, ಆಟ ಬಿಟ್ಟು ಮಕ್ಕಳು ಒಳಗೆ ಓಡಿಬರುತ್ತಿದ್ದರು. ಪರದೆಯ ಮೇಲೆ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಮೂಡುತ್ತಿದ್ದವು. ಆಮೇಲೆ ಸ್ವಾಮಿ, ಅವನ ಅಪ್ಪ, ಅವನ ಗೆಳೆಯರು, ಮಿಠಾಯಿ ಮಾರುವ ಜಗನ್, ಬೀದಿಯ ಜ್ಯೋತಿಷಿ, ಹೀಗೆ ಒಬ್ಬೊಬ್ಬರಾಗಿ ಬರುತ್ತಿದ್ದರು.

ಆ ಊರಿನ ಬೀದಿ, ಮನೆ, ಜಗಲಿಗಳನ್ನು ಕೊಟ್ಟದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆ. ರೈಲು ನಿಲ್ದಾಣವನ್ನು ಕೊಟ್ಟದ್ದು ಅದೇ ಜಿಲ್ಲೆಯ ಅರಸಾಳು. ಊರಿನ ಚಹರೆಯನ್ನು ಕಟ್ಟಿದವರು ಕಲಾ ನಿರ್ದೇಶಕ ಜಾನ್ ದೇವರಾಜ್. ಇವೆಲ್ಲ ಕಣ್ಣಿಗೆ ಕಾಣುವ ಸಂಗತಿಗಳು. ಆದರೆ ಆ ಧಾರಾವಾಹಿಯ ನಗೆ ಎಲ್ಲಿಂದ ಬಂತು? ಯಾರನ್ನೂ ಹೀಯಾಳಿಸದೆ, ಕಚಗುಳಿಯನ್ನೂ ಇಡದೆ, ನೋಡುವವರ ತುಟಿಯ ಅಂಚಿನಲ್ಲಿ ತಾನಾಗಿ ಮೂಡುತ್ತಿದ್ದ ಆ ನಗೆಯನ್ನು ಕ್ಯಾಮೆರಾ ಸೃಷ್ಟಿಸಲಿಲ್ಲ. ಅದಕ್ಕೆ ಮುಂಚೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಜನ ನಗಲು ಕಲಿತಿದ್ದರು. ಅವರಿಗೆ ಕಲಿಸಿದ ನಟರಿದ್ದರು, ಬರಹಗಾರರಿದ್ದರು, ಸಭಾಂಗಣಗಳಿದ್ದವು. ಈ ಉಪನ್ಯಾಸದ ವಿಷಯ ಆ ಮೇಷ್ಟ್ರುಗಳು ಮತ್ತು ಆ ಪಾಠಶಾಲೆಗಳು.

ಹೆಸರಿನ ಕತೆ

ಮೊದಲಿಗೆ ಮಾಲ್ಗುಡಿ ಎಂಬ ಹೆಸರನ್ನೇ ನೋಡಬಹುದು. ಮಲ್ಲೇಶ್ವರದ 'ಮಲ್', ಬಸವನಗುಡಿಯ 'ಗುಡಿ' ಸೇರಿ ಮಾಲ್ಗುಡಿ ಆಯಿತೆಂದು ಬೆಂಗಳೂರಿಗರು ಹೆಮ್ಮೆಯಿಂದ ಹೇಳುತ್ತಾರೆ. ಕೇಳಲು ಸೊಗಸಾದ ಮಾತು. ಆದರೆ ಆರ್.ಕೆ. ನಾರಾಯಣ್ ಆತ್ಮಕಥೆಯಲ್ಲಿ ಬರೆದಿರುವುದು ಬೇರೆ. 1930ರ ವಿಜಯದಶಮಿಯ ದಿನ ಅವರು ಬೆಂಗಳೂರಿನಲ್ಲಿದ್ದರು. ಅಕ್ಷರಾರಂಭಕ್ಕೆ ಒಳ್ಳೆಯದೆಂದು ಅಜ್ಜಿ ಆರಿಸಿಕೊಟ್ಟ ದಿನವದು. ನೋಟ್‌ಪುಸ್ತಕ ತೆರೆದು ಕುಳಿತಾಗ ಒಂದು ಪುಟ್ಟ ರೈಲು ನಿಲ್ದಾಣ ಹೆಸರಿನ ಸಮೇತ ಅವರ ಮನಸ್ಸಿಗೆ ಬಂತು. ಆ ನಿಲ್ದಾಣದಿಂದ ಹೊರಟ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಪ್ರಕಟವಾಯಿತು.

ಎರಡು ಬಡಾವಣೆಗಳ ಹೆಸರು ಕೂಡಿಸಿ ಊರು ಕಟ್ಟಿದರೆಂಬುದಕ್ಕೆ ಲೇಖಕರ ಮಾತಿನ ಆಧಾರವಿಲ್ಲ. ಆದರೆ ಮಾಲ್ಗುಡಿ ಹುಟ್ಟಿದ್ದು ಬೆಂಗಳೂರಿನಲ್ಲಿ ಎಂಬುದಕ್ಕೆ ಇದೆ. ಹೆಸರಿನ ಹಂಗಿಲ್ಲದೆಯೂ ಈ ಬಡಾವಣೆಗಳಿಗೂ ಆ ಊರಿಗೂ ನಂಟು ಕಾಣುತ್ತದೆ. ಚಾಮರಾಜಪೇಟೆ 1892ರಲ್ಲಿ ತಲೆಯೆತ್ತಿತು. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಕೇರಿಗಳನ್ನು ನಡುಗಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ತುಂಬತೊಡಗಿದವು. ನೇರವಾದ ರಸ್ತೆ, ಗಾಳಿ ಬೆಳಕಿನ ಮನೆ, ಮುಂದೊಂದು ಜಗಲಿ, ಹಿಂದೊಂದು ಬಾವಿ. ಅಲ್ಲಿಗೆ ಬಂದು ನೆಲೆಸಿದವರಲ್ಲಿ ಗುಮಾಸ್ತರು, ವಕೀಲರು, ಮೇಷ್ಟ್ರುಗಳು, ವೈದ್ಯರು ಹೆಚ್ಚು. ಮನೆಯೊಳಗೆ ಮಡಿ, ಕಚೇರಿಯಲ್ಲಿ ಇಂಗ್ಲಿಷು. ಹಣೆಯಲ್ಲಿ ನಾಮ, ಮೈಮೇಲೆ ಕೋಟು. ಎರಡು ಕಾಲಗಳ ನಡುವೆ ಒಂದೊಂದು ಕಾಲಿಟ್ಟು ನಿಂತ ಸಮಾಜ ಅದು. ಹಾಗೆ ನಿಂತವನು ಎಡವುವುದು ಸಹಜ. ಎಡವಿದವನನ್ನು ಕಂಡು ನಗುವುದೂ ಸಹಜ. ಮಾಲ್ಗುಡಿಯ ನಗೆಯ ಮೂಲವೂ ಆ ಎಡವುವಿಕೆಯೇ.

ಕಂಪನಿಯ ಕಳ್ಳ

ಆ ನಗೆಯ ಮೊದಲ ದೊಡ್ಡ ಅಂಗಡಿ ವೃತ್ತಿ ನಾಟಕ ಕಂಪನಿ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿಯನ್ನು ಗುಬ್ಬಿ ವೀರಣ್ಣ ನಾಡಿನ ಮನೆಮಾತು ಮಾಡಿದರು. 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ತಂದ ಸಾಹಸಿಯೆಂದು ಜನ ಅವರನ್ನು ನೆನೆಯುತ್ತಾರೆ. ಆದರೆ ನಟರಾಗಿ ವೀರಣ್ಣ ಮೂಲತಃ ಹಾಸ್ಯಗಾರರು. 'ಸದಾರಮೆ' ನಾಟಕದ ಕಳ್ಳನ ಪಾತ್ರ ಅವರಿಗೆ ತಂದ ಕೀರ್ತಿಯನ್ನು ರಾಜನ ಪಾತ್ರ ಯಾರಿಗೂ ತಂದುಕೊಡಲಿಲ್ಲ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಕಂಪನಿ ನಾಟಕದಲ್ಲಿ ನಾಯಕ ಹಾಡುತ್ತಾನೆ, ನಾಯಕಿ ಅಳುತ್ತಾಳೆ. ಇಬ್ಬರೂ ಬರೆದ ಮಾತನ್ನೇ ಆಡಬೇಕು. ಹಾಸ್ಯಗಾರನಿಗೆ ಮಾತ್ರ ಆ ಕಟ್ಟು ಸಡಿಲ. ಮುಂದಿನ ಸಾಲಿನಲ್ಲಿ ಕುಳಿತ ಸಾಹುಕಾರನನ್ನು ಮಾತಿನಲ್ಲಿ ಚಿವುಟಬಹುದು, ಆ ಊರಿನ ಸಂತೆಯ ಸುದ್ದಿಯನ್ನು ಪುರಾಣದ ನಡುವೆ ತೂರಿಸಬಹುದು. ದೇವೇಂದ್ರನ ಸಭೆಯಲ್ಲಿ ಬೆಳೆ, ಬಡ್ಡಿ, ಪಟೇಲರ ಮಾತು ಬರುತ್ತಿದ್ದದ್ದು ಹಾಸ್ಯಗಾರನ ಬಾಯಲ್ಲಿ. ಪ್ರೇಕ್ಷಕರ ಪಾಲಿಗೆ ರಂಗದ ಮೇಲೆ ತಮ್ಮ ಪ್ರತಿನಿಧಿಯೆಂದರೆ ಅವನೇ.

ವೀರಣ್ಣನವರು 1972ರಲ್ಲಿ ತೀರಿಕೊಂಡರು. ಗಾಂಧಿನಗರದಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಅವರ ಮೊಮ್ಮಗಳು ಬಿ. ಜಯಶ್ರೀ 'ಸದಾರಮೆ'ಯನ್ನು ಹೊಸ ತಲೆಮಾರಿನ ಮುಂದೆ ತಂದಾಗ ಅಜ್ಜ ಆಡಿದ ಕಳ್ಳನ ಪಾತ್ರವನ್ನು ತಾವೇ ಆಡಿದರು. ಹೆಣ್ಣು ಪಾತ್ರಗಳನ್ನೂ ಗಂಡಸರೇ ಆಡುತ್ತಿದ್ದ ಪರಂಪರೆಯಲ್ಲಿ ಗಂಡಸಿನ ಹಾಸ್ಯ ಪಾತ್ರವನ್ನು ಹೆಂಗಸೊಬ್ಬರು ಗೆದ್ದುಕೊಂಡದ್ದು ಸಣ್ಣ ಸಂಗತಿಯಲ್ಲ. ಕನ್ನಡ ಚಿತ್ರರಂಗಕ್ಕೂ ಹಾಸ್ಯನಟರನ್ನು ಕಳಿಸಿದ್ದು ಇದೇ ಕಂಪನಿ ಲೋಕ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಅವರೊಡನೆ ಬೆಳ್ಳಿತೆರೆಗೆ ಬಂದ ನರಸಿಂಹರಾಜು ಗುಬ್ಬಿ ಕಂಪನಿಯಲ್ಲಿ ಪಳಗಿದವರು.

ಬಡಾವಣೆಯ ಕನ್ನಡಿ

ಕಂಪನಿ ನಾಟಕ ರಾಜರ ಅರಮನೆಯನ್ನು ತೋರಿಸುತ್ತಿದ್ದಾಗ ಗುಮಾಸ್ತರ ನಡುಮನೆಯನ್ನು ತೋರಿಸಿದವರು ಟಿ.ಪಿ. ಕೈಲಾಸಂ. 1884ರಲ್ಲಿ ಹುಟ್ಟಿದ ಅವರು ನ್ಯಾಯಾಧೀಶ ಪರಮಶಿವ ಅಯ್ಯರ್ ಅವರ ಮಗ. ಮನೆಮಾತು ತಮಿಳು. ಮದರಾಸಿನಲ್ಲಿ, ಆಮೇಲೆ ಲಂಡನ್ನಿನಲ್ಲಿ ಭೂವಿಜ್ಞಾನ ಓದಿದರು. ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸವೂ ಸಿಕ್ಕಿತು. ಆ ಕೆಲಸವನ್ನು ಬಿಟ್ಟು ನಾಟಕಕ್ಕೆ ಬಂದರು. ತಂದೆಯ 'ವೈಟ್ ಹೌಸ್' ಬಂಗಲೆಯ ಪಕ್ಕದಲ್ಲಿ ತಾವು ವಾಸವಿದ್ದ ಬಿಡಾರಕ್ಕೆ 'ನೂಕ್' ಎಂದು ಹೆಸರಿಟ್ಟುಕೊಂಡಿದ್ದರು.

ಆಗ ಬೆಂಗಳೂರಿನಲ್ಲಿ ಹವ್ಯಾಸಿ ನಟರ ಸಂಘವೊಂದು ಕೆಲಸ ಮಾಡುತ್ತಿತ್ತು. ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಎಂಬ ಉದ್ದ ಹೆಸರು ಜನರ ಬಾಯಲ್ಲಿ ಎ.ಡಿ.ಎ. ಆಯಿತು. ಹಗಲು ಕಚೇರಿ, ಸಂಜೆ ಬಣ್ಣ. ಇವರಿಗೆ ನಾಟಕ ಹೊಟ್ಟೆಪಾಡಲ್ಲ, ಗೀಳು. ಕೈಲಾಸಂ 1918ರಲ್ಲಿ ಬರೆದ 'ಟೊಳ್ಳು ಗಟ್ಟಿ' ಆ ಸಂಘದ ಸ್ಪರ್ಧೆಯಲ್ಲಿ ಬಹುಮಾನ ಪಡೆಯಿತು. ಪರೀಕ್ಷೆಯಲ್ಲಿ ಮೊದಲಿಗನಾಗುವ ಮಗ ಒಬ್ಬ. ಓದಿನಲ್ಲಿ ಹಿಂದಾದರೂ ಮನೆಯ ಕಷ್ಟಕ್ಕೆ ಹೆಗಲು ಕೊಡುವ ಮಗ ಇನ್ನೊಬ್ಬ. ಟೊಳ್ಳು ಯಾರು, ಗಟ್ಟಿ ಯಾರು? ಅಂಕಪಟ್ಟಿಯನ್ನು ದೇವರ ಪಟದ ಪಕ್ಕದಲ್ಲಿಡುತ್ತಿದ್ದ ಬಡಾವಣೆಗಳಲ್ಲಿ ಈ ಪ್ರಶ್ನೆ ಚುಚ್ಚಿತು. 'ಹೋಂರೂಲು' ಬಂತು. ಕಕ್ಷಿದಾರರಿಲ್ಲದ ವಕೀಲ ಅಹೋಬ್ಲುವಿನ 'ಬಂಡ್ವಾಳ್ವಿಲ್ಲದ ಬಡಾಯಿ' ಬಂತು. 'ನಂ ಕಂಪ್ನಿ'ಯಲ್ಲಿ ಕಂಪನಿ ನಾಟಕದ ಅಬ್ಬರವನ್ನೇ ಗೇಲಿ ಮಾಡಿದರು.

ಕೈಲಾಸಂ ಕನ್ನಡ ಎಂಬ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಅದರಲ್ಲಿ ಇಂಗ್ಲಿಷ್ ಪದಕ್ಕೆ ಕನ್ನಡದ ಬಾಲ ಅಂಟುತ್ತದೆ, ಕನ್ನಡದ ಕ್ರಿಯಾಪದ ಅರ್ಧ ದಾರಿಯಲ್ಲಿ ಉಸಿರು ಕಳೆದುಕೊಳ್ಳುತ್ತದೆ. ಶುದ್ಧ ಭಾಷೆಯ ಪಂಡಿತರು ಇದನ್ನು ಕಂಡು ಹುಬ್ಬು ಗಂಟಿಕ್ಕಿದರು. ಆದರೆ ಆ ಭಾಷೆಯನ್ನು ಕೈಲಾಸಂ ಕಲ್ಪಿಸಲಿಲ್ಲ, ಕೇಳಿಸಿಕೊಂಡರು. ಗಾಂಧಿಬಜಾರಿನ ಅಂಗಡಿಯ ಮುಂದೆ, ಕಚೇರಿಯ ವರಾಂಡದಲ್ಲಿ, ಅಡುಗೆಮನೆಯ ಬಾಗಿಲಲ್ಲಿ ಜನ ಆಡುತ್ತಿದ್ದದ್ದು ಅದನ್ನೇ. ತಮ್ಮದೇ ಮಾತು ರಂಗದಿಂದ ವಾಪಸು ಬಂದಾಗ ಜನ ಮೊದಲು ಬೆಚ್ಚಿದರು, ಆಮೇಲೆ ನಕ್ಕರು. 'ಪ್ರಹಸನ ಪಿತಾಮಹ' ಎನಿಸಿಕೊಂಡ ಈ ತಮಿಳು ಮನೆಮಾತಿನವರನ್ನು 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನ ಅಧ್ಯಕ್ಷ ಪೀಠದಲ್ಲಿ ಕೂರಿಸಿತು. ಮರುವರ್ಷ ಅವರು ತೀರಿಕೊಂಡರು.

ಒಂದು ನಷ್ಟವನ್ನೂ ಇಲ್ಲಿ ಹೇಳಬೇಕು. ಕೈಲಾಸಂ ಕುಳಿತು ಬರೆಯುವುದಕ್ಕಿಂತ ಹೇಳುತ್ತ ಹೋಗುತ್ತಿದ್ದದ್ದೇ ಹೆಚ್ಚು. ಗೆಳೆಯರ ನಡುವೆ ಎಲ್ಲ ಪಾತ್ರಗಳನ್ನೂ ಒಬ್ಬರೇ ಆಡಿ ತೋರಿಸುತ್ತಿದ್ದರು. ಕೇಳಿದವರಲ್ಲಿ ಯಾರೋ ಪುಣ್ಯವಂತರು ಬರೆದುಕೊಂಡರೆ ನಾಟಕ ಉಳಿಯಿತು. ಇಲ್ಲದಿದ್ದರೆ ಸಂಜೆಯೊಡನೆ ಮುಗಿಯಿತು. ಈಗ ಪುಸ್ತಕದಲ್ಲಿರುವ ಕೈಲಾಸಂ, ನಿಜವಾದ ಕೈಲಾಸಂ ಅವರ ಒಂದು ಪಾಲು ಮಾತ್ರ. ಆ ಕೊರತೆಯನ್ನು ರಂಗದ ಮೇಲೆ ತುಂಬಲು ಯತ್ನಿಸಿದವರು ಸಿ.ಆರ್. ಸಿಂಹ. 'ತುಘಲಕ್' ಪಾತ್ರದಿಂದ ಹೆಸರಾಗಿದ್ದ ಅವರು 'ಟಿಪಿಕಲ್ ಟಿ.ಪಿ. ಕೈಲಾಸಂ' ಎಂಬ ಏಕವ್ಯಕ್ತಿ ಪ್ರದರ್ಶನದಲ್ಲಿ ಪ್ರಹಸನಕಾರನನ್ನೇ ಪಾತ್ರವಾಗಿಸಿದರು. ಕೈಲಾಸಂ ಅವರನ್ನು ಕಣ್ಣಾರೆ ಕಾಣದ ಪೀಳಿಗೆಗೆ ಅವರ ನಡೆ, ನುಡಿ, ನೋವುಗಳ ಅಂದಾಜು ಸಿಕ್ಕಿದ್ದು ಈ ಪ್ರಯೋಗದಿಂದ. 2014ರಲ್ಲಿ ಸಿಂಹ ತೀರಿಕೊಂಡಾಗ ಕೈಲಾಸಂ ಅವರನ್ನೇ ಎರಡನೇ ಬಾರಿ ಕಳೆದುಕೊಂಡಂತೆ ಅನೇಕರಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಅಚ್ಚಿನ ನಗೆ

ರಂಗದ ನಗೆ ಗಾಳಿಗೆ ಹೋಗುತ್ತದೆ, ಅಚ್ಚಿನ ನಗೆ ಕಪಾಟಿನಲ್ಲಿ ಉಳಿಯುತ್ತದೆ. 1942ರಲ್ಲಿ ಬೆಂಗಳೂರಿನಲ್ಲಿ 'ಕೊರವಂಜಿ' ಎಂಬ ಹಾಸ್ಯ ಮಾಸಪತ್ರಿಕೆ ಶುರುವಾಯಿತು. ಸಂಪಾದಕರು ವೃತ್ತಿಯಿಂದ ವೈದ್ಯರಾದ ಡಾ. ಎಂ. ಶಿವರಾಂ, ಓದುಗರಿಗೆ ಅವರು 'ರಾಶಿ'. ಯುದ್ಧದ ಕಾಲ, ಕಾಗದದ ಬರ, ಪಡಿತರದ ಸಾಲು. ಅಂಥ ಹೊತ್ತಿನಲ್ಲಿ ನಗೆಗೆಂದೇ ಪತ್ರಿಕೆ ನಡೆಸುವುದು ಧೈರ್ಯದ ಕೆಲಸ. 'ಅನರ್ಥಕೋಶ'ದ ನಾ. ಕಸ್ತೂರಿ ಅದರಲ್ಲಿ ಬರೆದರು. ಟಿ. ಸುನಂದಮ್ಮ ಅಡುಗೆಮನೆಯ ಕಡೆಯಿಂದ ಲೋಕವನ್ನು ನೋಡಿ ನಕ್ಕರು. ಅಲ್ಲಿಯವರೆಗೆ ಹೆಂಡತಿಯರನ್ನು ಕುರಿತು ಗಂಡಂದಿರು ಹೇಳಿದ ಹಾಸ್ಯವೇ ಹೆಚ್ಚಿತ್ತು. ಗಂಡಂದಿರನ್ನು ಕುರಿತು ಹೆಂಡತಿಯರು ಏನೆನ್ನುತ್ತಾರೆ ಎಂಬುದು ಸುನಂದಮ್ಮನವರ ಲೇಖನಿಯಿಂದ ತಿಳಿಯಿತು.

'ಕೊರವಂಜಿ'ಗೆ ಚಿತ್ರ ಬರೆದ ಹುಡುಗರಲ್ಲಿ ಒಬ್ಬರು ಮೈಸೂರಿನ ಆರ್.ಕೆ. ಲಕ್ಷ್ಮಣ್. ಮುಂದೆ ಅವರು ಮುಂಬಯಿಗೆ ಹೋಗಿ 'ಶ್ರೀಸಾಮಾನ್ಯ'ನನ್ನು ಸೃಷ್ಟಿಸಿ ದೇಶಕ್ಕೆಲ್ಲ ಪರಿಚಿತರಾದರು. ಅಣ್ಣನ ಮಾಲ್ಗುಡಿಗೆ ರೇಖೆಗಳ ರೂಪ ಕೊಟ್ಟವರೂ ಅವರೇ. ದೂರದರ್ಶನದ ಪರದೆಯ ಮೇಲೆ ಪ್ರತಿ ವಾರ ಮೂಡುತ್ತಿದ್ದ ಆ ಗೆರೆಗಳ ಹಿಂದೆ ಕನ್ನಡದ ಹಾಸ್ಯ ಪತ್ರಿಕೆಯೊಂದರ ಅಭ್ಯಾಸವೂ ಇತ್ತೆಂಬುದು ಬಹಳ ಮಂದಿಗೆ ತಿಳಿಯದ ಸಂಗತಿ. 'ಕೊರವಂಜಿ' 1967ರಲ್ಲಿ ನಿಂತಿತು. 1983ರಲ್ಲಿ ಅದರ ವಾರಸುದಾರಿಕೆ ಹೊತ್ತು 'ಅಪರಂಜಿ' ಹುಟ್ಟಿತು.

ನಗೆಗೆ ಬಂದ ನೋಟೀಸು

ಇಲ್ಲಿಯವರೆಗಿನ ನಗೆ ಮನೆಯೊಳಗಿನದು. ಅದನ್ನು ವಿಧಾನಸೌಧದ ಮೆಟ್ಟಿಲವರೆಗೆ ಕೊಂಡೊಯ್ದವರು ಮಾಸ್ಟರ್ ಹಿರಣ್ಣಯ್ಯ. ತಂದೆ ಕೆ. ಹಿರಣ್ಣಯ್ಯ 'ದೇವದಾಸಿ', 'ಮಕ್ಮಲ್ ಟೋಪಿ' ನಾಟಕಗಳಿಂದ ಹೆಸರಾಗಿದ್ದವರು. ಅವರ ಮಿತ್ರಮಂಡಳಿ ಮಗನ ಹೆಗಲಿಗೆ ಬಂತು. 1959ರಲ್ಲಿ ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ'ವನ್ನು ರಂಗಕ್ಕೆ ತಂದರು. ಲಂಚವನ್ನು ಹನ್ನೊಂದನೆಯ ಅವತಾರದಂತೆ ನಿಲ್ಲಿಸಿದ ಆ ನಾಟಕ ಸಾವಿರಾರು ಪ್ರದರ್ಶನ ಕಂಡಿತು.

ಒಂದೇ ನಾಟಕವನ್ನು ಜನ ಮತ್ತೆ ಮತ್ತೆ ನೋಡಿದ್ದೇಕೆ? ಅದು ಒಂದೇ ನಾಟಕವಾಗಿರಲಿಲ್ಲ. ಬೆಳಗಿನ ಪತ್ರಿಕೆಯ ಸುದ್ದಿ ಸಂಜೆ ಹಿರಣ್ಣಯ್ಯನವರ ಬಾಯಲ್ಲಿ ಮಾತಾಗುತ್ತಿತ್ತು. ಮಂತ್ರಿ ಬದಲಾದರೆ ಸಂಭಾಷಣೆ ಬದಲಾಗುತ್ತಿತ್ತು. ಊರು ಬದಲಾದರೆ ಆ ಊರಿನ ಕಚೇರಿಯ ಪ್ರಸಂಗ ಸೇರುತ್ತಿತ್ತು. ವೀರಣ್ಣನವರ ಕಾಲದ ಹಾಸ್ಯಗಾರನಿಗಿದ್ದ ಸಡಿಲವನ್ನೇ ಇವರು ಇಡೀ ನಾಟಕದ ಬೆನ್ನೆಲುಬು ಮಾಡಿಕೊಂಡರು.

ಅಧಿಕಾರಸ್ಥರಿಗೆ ಇದು ಹಿಡಿಸಲಿಲ್ಲ. ನಾಟಕವನ್ನು ತಡೆಯುವ ಯತ್ನಗಳು ನಡೆದವು. ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿ ಹೋರಾಡಿದರು. ನಾಟಕಕ್ಕೆ ಕಡಿವಾಣ ಹಾಕುವ ಆಸೆ ನಮ್ಮ ಸರ್ಕಾರಗಳಿಗೆ ಬಳುವಳಿಯಾಗಿ ಬಂದದ್ದು. 1876ರಲ್ಲಿ ಬ್ರಿಟಿಷರು ನಾಟಕ ಪ್ರದರ್ಶನಗಳನ್ನು ನಿಷೇಧಿಸಲು ಒಂದು ಕಾಯಿದೆ ಮಾಡಿದ್ದರು. ಸ್ವಾತಂತ್ರ್ಯ ಬಂದ ಮೇಲೂ ಆ ಕಾಯಿದೆ ದಶಕಗಳ ಕಾಲ ಪುಸ್ತಕದಲ್ಲಿ ಉಳಿದಿತ್ತು. ಕೇಂದ್ರ ಅದನ್ನು ರದ್ದು ಮಾಡಿದ್ದು 2018ರಲ್ಲಿ. ನಗೆಯನ್ನು ಹಗುರವೆಂದು ತಿಳಿದವರು ಈ ಕಾಯಿದೆಯ ಆಯಸ್ಸನ್ನು ನೋಡಬೇಕು. ಹಗುರವಾದದ್ದನ್ನು ಹಿಡಿದಿಡಲು ಯಾವ ಸರ್ಕಾರವೂ ಅಷ್ಟು ದಪ್ಪದ ಹಗ್ಗ ಹೊಸೆಯುವುದಿಲ್ಲ.

ಮಾಸ್ಟರ್ ಹಿರಣ್ಣಯ್ಯ 2019ರ ಮೇ 2ರಂದು ಬೆಂಗಳೂರಿನಲ್ಲಿ ತೀರಿಕೊಂಡರು. 

ಸಭಾಂಗಣಗಳ ಪಾಲು

ನಟನಷ್ಟೇ ಮುಖ್ಯ ಅವನು ನಿಲ್ಲುವ ಜಾಗ. ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, ಬಸವನಗುಡಿಯಲ್ಲಿ ನ್ಯಾಷನಲ್ ಕಾಲೇಜು, ಮಲ್ಲೇಶ್ವರದಲ್ಲಿ ಸೇವಾ ಸದನ, 1935ರಲ್ಲಿ ತಲೆಯೆತ್ತಿದ ಪುಟ್ಟಣ್ಣಚೆಟ್ಟಿ ಪುರಭವನ, ಜೆ.ಸಿ. ರಸ್ತೆಯ ಎ.ಡಿ.ಎ. ರಂಗಮಂದಿರ, ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರ, ಅದರ ಬೆನ್ನಿಗೆ ಸಂಸ ಬಯಲು ರಂಗಮಂದಿರ. ಇವುಗಳ ಜೊತೆಗೆ ಭಾದ್ರಪದ ಬಂದರೆ ಬೀದಿಗೊಂದು ಗಣೇಶನ ಪೆಂಡಾಲು. ಹಳೆಯ ಬೆಂಗಳೂರಿನ ಮಧ್ಯಮ ವರ್ಗದವರು ನಡೆದುಕೊಂಡೋ ಸೈಕಲ್ಲಿನಲ್ಲೋ ಹೋಗಿ, ನಾಟಕ ನೋಡಿ, ರಾತ್ರಿ ಮಾತಾಡುತ್ತ ಮನೆಗೆ ಮರಳಬಹುದಾದ ದೂರ ಅದು.

ಈ ದೂರವೇ ಹಾಸ್ಯದ ಗುಟ್ಟು. ಒಂದೇ ಬಡಾವಣೆಯ ಜನ ಒಂದೇ ಹೊರಸಿನ ತಿಗಣೆಗಳಂತೆ ಪರಸ್ಪರ ಬಲ್ಲವರು. ಅಹೋಬ್ಲುವಿನ ಬಡಾಯಿ ಕೇಳಿದಾಗ ಪ್ರೇಕ್ಷಕರ ಕಣ್ಣು ರಂಗದಿಂದ ಜಾರಿ ತಮ್ಮ ಸಾಲಿನಲ್ಲೇ ಕುಳಿತ ಯಾವನೋ ವಕೀಲನ ಕಡೆ ಹೊರಳುತ್ತಿತ್ತು. ಹಾಗೆ ಹೊರಳಲು ಅವನು ಅಲ್ಲಿರಬೇಕು. ಅವನೂ ನಕ್ಕರೆ ಆ ಸಂಜೆ ಪೂರ್ಣವಾಯಿತು.

ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಈ ಜಾಗಗಳನ್ನು ಹವ್ಯಾಸಿ ತಂಡಗಳು ತುಂಬಿದವು. ಬಿ.ವಿ. ಕಾರಂತರ 'ಬೆನಕ' 'ಸತ್ತವರ ನೆರಳು' ಆಡಿ ಮಠದ ರಾಜಕೀಯವನ್ನು ನಗೆಯಲ್ಲಿ ಬಿಚ್ಚಿಟ್ಟಿತು. ಪರ್ವತವಾಣಿಯವರ 'ಬಹದ್ದೂರ್ ಗಂಡ' ಷೇಕ್ಸ್‌ಪಿಯರನ ಗಂಡಬೀರಿಯನ್ನು ಕನ್ನಡದ ಮನೆಗೆ ಸೊಸೆಯಾಗಿ ತಂದಿತು. 1989ರ 'ನಂಜುಂಡಿ ಕಲ್ಯಾಣ' ಚಿತ್ರಕ್ಕೂ ಅದೇ ಆಧಾರ. 1980ರಲ್ಲಿ 'ಕಲಾಗಂಗೋತ್ರಿ' ತಂಡ ಬಿ.ವಿ. ರಾಜಾರಾಂ ನಿರ್ದೇಶನದಲ್ಲಿ 'ಮುಖ್ಯಮಂತ್ರಿ' ಆಡಿತು. ಅದರಲ್ಲಿ ಮುಖ್ಯ ಪಾತ್ರ ವಹಿಸಿದ ಚಂದ್ರಶೇಖರ್ ಆ ಬಳಿಕ ಊರಿಗೆಲ್ಲ 'ಮುಖ್ಯಮಂತ್ರಿ ಚಂದ್ರು'. ಪಾತ್ರದ ಹೆಸರು ನಟನ ಮನೆತನದ ಹೆಸರಿನಂತೆ ಅಂಟಿಕೊಳ್ಳುವುದು ಪ್ರೇಕ್ಷಕರು ಕೊಡುವ ಪ್ರಶಸ್ತಿ. ಅದಕ್ಕೆ ಅರ್ಜಿ ಹಾಕುವಂತಿಲ್ಲ.

ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿ ಬಂದ ಶಂಕರ್‌ನಾಗ್ ಈ ಜಗತ್ತಿಗೆ ಸೇರಿಕೊಂಡರು. ಸಿನಿಮಾದಲ್ಲಿ ಹೆಸರು ಮಾಡಿದ ಮೇಲೂ 'ಸಂಕೇತ್' ತಂಡ ಕಟ್ಟಿ ಬೆಂಗಳೂರಿನಲ್ಲಿ ನಾಟಕ ಆಡಿಸಿದರು. 'ನೋಡಿ ಸ್ವಾಮಿ ನಾವಿರೋದು ಹೀಗೆ' ಎಂಬ ಹಾಸ್ಯ ನಾಟಕದ ಹೆಸರೇ ಈ ಊರಿನ ಸ್ವಭಾವಕ್ಕೆ ಬರೆದ ಒಂದು ಸಾಲಿನ ಟಿಪ್ಪಣಿಯಂತಿತ್ತು.

ಪೆಟ್ಟಿಗೆಯೊಳಗೆ ಬಂದ ರಂಗ

1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಪ್ರಸಾರ ಆರಂಭಿಸಿತು. ಅದಕ್ಕೆ ನಟರು ಬೇಕಾದಾಗ ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಕಲಾಕ್ಷೇತ್ರದ ಕ್ಯಾಂಟೀನಿನ ಮುಂದೆ ನಿಂತರೆ ಸಾಕಿತ್ತು. 'ಸಿಹಿಕಹಿ' ಧಾರಾವಾಹಿಯಿಂದ ಚಂದ್ರು ಎಂಬ ಇನ್ನೊಬ್ಬ ನಟ 'ಸಿಹಿಕಹಿ ಚಂದ್ರು' ಆದರು. ರಮೇಶ್ ಭಟ್ ಅವರ 'ಕ್ರೇಜಿ ಕರ್ನಲ್' ಮನೆಮನೆಯ ನಗೆಯಾಯಿತು.

'ಮಾಲ್ಗುಡಿ ಡೇಸ್' ಮಾಡುವಾಗ ಶಂಕರ್‌ನಾಗ್ ಕೈಚಾಚಿದ್ದೂ ಈ ಕಡೆಗೇ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಜಗನ್ ಆಗಿ ಅನಂತನಾಗ್, ಜೊತೆಗೆ ರಮೇಶ್ ಭಟ್ ಮೊದಲಾದವರು. ಭಾಷೆ ಹಿಂದಿ, ಇಂಗ್ಲಿಷ್. ಮೈಯ ನಡೆ ಮಾತ್ರ ಕನ್ನಡದ್ದು. ಪಂಚೆಯ ಚುಂಗು ಎತ್ತಿ ಹಿಡಿಯುವ ರೀತಿ, ಹೇಳಬೇಕಾದ್ದನ್ನು ಹೇಳದೆ ಕೆಮ್ಮುವ ರೀತಿ, ಅಪ್ಪನ ಮುಂದೆ ನಿಂತ ಹುಡುಗ ಕಾಲಬೆರಳಿನಿಂದ ನೆಲ ಕೆರೆಯುವ ರೀತಿ, ಇವನ್ನು ಯಾವ ಪಟಕಥೆಯಲ್ಲೂ ಬರೆಯಲಾಗದು. ಚಿಕ್ಕ ಸಭಾಂಗಣಗಳಲ್ಲಿ, ಮೂರನೆಯ ಸಾಲಿನ ಪ್ರೇಕ್ಷಕನ ಕಣ್ಣಿಗೂ ಕಾಣುವಷ್ಟು ಹತ್ತಿರದಲ್ಲಿ ನಿಂತು ಆಡಿದವರಿಗೆ ಮಿತವಾಗಿ ನಟಿಸುವ ಹದ ಗೊತ್ತಿರುತ್ತದೆ. ಕ್ಯಾಮೆರಾ ಕೇಳುವುದೂ ಅದೇ ಹದವನ್ನು. ಕಂಪನಿಯ ಅಬ್ಬರವನ್ನು ಕೈಲಾಸಂ ಗೇಲಿ ಮಾಡಿದ್ದರ ಫಲ ಏಳು ದಶಕಗಳ ಬಳಿಕ ಕಿರುತೆರೆಯಲ್ಲಿ ಹೀಗೆ ಕಾಣಿಸಿಕೊಂಡಿತೆಂದರೆ ತಪ್ಪಾಗದು.

ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಅಪಘಾತದಲ್ಲಿ ತೀರಿಕೊಂಡರು. 2004ರಲ್ಲಿ ಅರುಂಧತಿ ನಾಗ್ ಮುಂದಾಳತ್ವದಲ್ಲಿ ಜೆ.ಪಿ. ನಗರದಲ್ಲಿ 'ರಂಗಶಂಕರ' ತೆರೆಯಿತು. 2006ರಲ್ಲಿ ಕವಿತಾ ಲಂಕೇಶ್ 'ಮಾಲ್ಗುಡಿ ಡೇಸ್'ಗೆ ಇನ್ನಷ್ಟು ಕಂತು ಸೇರಿಸಿದರು. ಅರಸಾಳು ನಿಲ್ದಾಣದಲ್ಲಿ ರೈಲ್ವೆ ಇಲಾಖೆ ಮಾಲ್ಗುಡಿ ಸಂಗ್ರಹಾಲಯ ಮಾಡಿದೆ. ಖಾಸಗಿ ವಾಹಿನಿಗಳು ಬಂದ ಮೇಲೆ 'ಪಾಪ ಪಾಂಡು', 'ಸಿಲ್ಲಿ ಲಲ್ಲಿ'ಗಳು ದಿನವೂ ನಗಿಸಿದವು.

ಏನು ಉಳಿಯಿತು, ಏನು ಹೋಯಿತು

ಕಿರುತೆರೆಯಿಂದ ಲಾಭವಾಗಿಲ್ಲವೆಂದು ಹೇಳುವಂತಿಲ್ಲ. ಹೊಟ್ಟೆಪಾಡಿಗೆ ಪರದಾಡುತ್ತಿದ್ದ ನಟರಿಗೆ ನಾಲ್ಕು ಕಾಸು ಸಿಕ್ಕಿತು. ಬೆಂಗಳೂರಿನ ಒಂದು ಸಂಜೆಯ ನಗೆ ಬೀದರಿನ ಮನೆಗೂ, ಕಾಸರಗ��ೋಡಿನ ಮನೆಗೂ ತಲುಪಿತು. ಎಲ್ಲಕ್ಕಿಂತ ಹೆಚ್ಚಾಗಿ, ಗಾಳಿಗೆ ಹೋಗುತ್ತಿದ್ದ ನಗೆ ದಾಖಲೆಯಾಗಿ ಉಳಿಯಿತು. ಮಾಲ್ಗುಡಿಯ ಸ್ವಾಮಿಯನ್ನು ಇವತ್ತು ಹುಟ್ಟಿದ ಮಗುವೂ ನಾಳೆ ನೋಡಬಹುದು. ಕೈಲಾಸಂ ತಮ್ಮ ಗೆಳೆಯರ ನಡುವೆ ಆಡಿದ್ದನ್ನು ಯಾರೂ ನೋಡಲಾರರು.

ಆದರೆ ದಾಖಲೆಯಾಗುವ ನಗೆಗೆ ಒಂದು ಷರತ್ತಿದೆ. ಅದನ್ನು ಮೊದಲೇ ಬರೆದು, ಓದಿಸಿ, ಒಪ್ಪಿಸಿ, ಆಮೇಲೆ ಆಡಬೇಕು. ಬೆಳಗಿನ ಸುದ್ದಿಗೆ ಸಂಜೆ ಉತ್ತರ ಕೊಡುವ ಹಿರಣ್ಣಯ್ಯನವರ ರೀತಿಗೆ ಅಲ್ಲಿ ಎಡೆಯಿಲ್ಲ. ಜಾಹೀರಾತು ಕೊಡುವವರಿಗೆ ನೋವಾಗಬಾರದು, ಪಕ್ಷಕ್ಕೆ ನೋವಾಗಬಾರದು, ಜಾತಿಗೆ ನೋವಾಗಬಾರದು. ಹೀಗೆ ಒಬ್ಬೊಬ್ಬರನ್ನೇ ಬಿಡುತ್ತ ಹೋದರೆ ನಗಲು ಉಳಿಯುವವರು ದಪ್ಪಗಿರುವವರು, ಕಪ್ಪಗಿರುವವರು, ಮನೆಗೆಲಸದವರು ಮತ್ತು ಹೆಂಡತಿ. ದುರ್ಬಲರನ್ನು ಕಂಡು ನಗುವುದು ಸುಲಭ, ಅಪಾಯವಿಲ್ಲ. ಆದರೆ ಅದು ಈ ಬಡಾವಣೆಗಳ ಪರಂಪರೆಯಲ್ಲ. ಕೈಲಾಸಂ ನಕ್ಕದ್ದು ತಮ್ಮದೇ ವರ್ಗದ ಠೊಣಪರನ್ನು ಕಂಡು. ಹಿರಣ್ಣಯ್ಯ ನಕ್ಕದ್ದು ಕುರ್ಚಿಯಲ್ಲಿ ಕುಳಿತವರನ್ನು ಕಂಡು.

ಇನ್ನೊಂದು ನಷ್ಟ ಪ್ರೇಕ್ಷಕನದು. ಸಭಾಂಗಣದಲ್ಲಿ ಅವನು ನಾಟಕದ ಪಾಲುದಾರ. ಅವನು ನಗದಿದ್ದರೆ ನಟ ಅಲ್ಲೇ ದಾರಿ ಬದಲಿಸುತ್ತಿದ್ದ. ಕಿರುತೆರೆಯ ಮುಂದೆ ಅವನು ನಕ್ಕರೂ ಬಿಟ್ಟರೂ ಕಂತು ತನ್ನ ಪಾಡಿಗೆ ಮುಗಿಯುತ್ತದೆ. ಅವನ ಪರವಾಗಿ ನಗಲು ಮುದ್ರಿತ ನಗೆಯನ್ನೇ ಸೇರಿಸುವ ಪದ್ಧತಿಯೂ ಬಂತು.

ಹಾಗೆಂದು ಹಳೆಯ ಬೆಂಗಳೂರನ್ನು ವಾಪಸು ತರಲಾಗದು. ತರಬೇಕೆಂಬ ಹಟವೂ ಬೇಡ. ಆ ಕಾಲದ ಮಡಿ, ಮೈಲಿಗೆಗಳೂ ಅದರ ಜೊತೆಗೇ ಬಂದಾವು. ಮಾಡಬಹುದಾದ ಕೆಲಸ ಮೂರು. ಕಂಪನಿಯಲ್ಲೂ ಹವ್ಯಾಸಿ ತಂಡಗಳಲ್ಲೂ ದುಡಿದ ಹಿರಿಯ ಹಾಸ್ಯನಟರು ಇರುವಾಗಲೇ ಅವರ ಮಾತು, ಅಭಿನಯಗಳನ್ನು ದಾಖಲಿಸಬೇಕು. ಕೈಲಾಸಂ ವಿಷಯದಲ್ಲಿ ಆದ ನಷ್ಟ ಇನ್ನೊಮ್ಮೆ ಆಗಬಾರದು. ನಡೆದು ಹೋಗಬಹುದಾದ ದೂರದಲ್ಲಿ ಚಿಕ್ಕ ಸಭಾಂಗಣಗಳು ಉಳಿಯಬೇಕು, ಅವುಗಳ ಬಾಡಿಗೆ ಹವ್ಯಾಸಿ ತಂಡದ ಕೈಗೆಟುಕಬೇಕು. ಮೂರನೆಯದು ಸರ್ಕಾರದಿಂದಲೂ ಸಂಸ್ಥೆಗಳಿಂದಲೂ ಆಗುವಂಥದ್ದಲ್ಲ. ಅದು ಪ್ರೇಕ್ಷಕರ ಕೆಲಸ: ರಂಗದ ಮೇಲಿನ ಮಾತು ತಮ್ಮ ಮೇಲೆಯೇ ಬಂದಾಗ ಎದ್ದು ಹೋಗದೆ, ದೂರು ಕೊಡದೆ, ಕುಳಿತು ನಗುವುದು. ಬಸವನಗುಡಿಯ ವಕೀಲರು ಅಹೋಬ್ಲುವನ್ನು ನೋಡಿ ಅಷ್ಟನ್ನು ಮಾಡಿದ್ದರಿಂದಲೇ ಆ ನಗೆ ಮಾಲ್ಗುಡಿಯವರೆಗೆ ನಡೆದುಬಂತು.